ಮಳೆಗಾಲದಲ್ಲಿ ರೋಬೋಗಳ ಕೀಲು ಕಾಯುವ ಕೆಲಸ

ರೋಹಿಣಿ ಮಳೆ

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿರುವ ಟ್ರಾನ್ಸ್‌ಫಾರ್ಮರ್ಸ್, ಅಂದರೆ ರೂಪ ಬದಲಿಸಿ ರೋಬೋ ಆಗುವ ಆಟಿಕೆಗಳ ಸಂಗ್ರಹವನ್ನು ಈ ಮಳೆಗಾಲ ದಾಟಿಸುವ ಕೆಲಸದ ವಿವರಗಳನ್ನು ಮಳೆನಕ್ಷತ್ರದ ಲೆಕ್ಕದಲ್ಲಿ ಬರೆದಿಡಲು ಆರಂಭಿಸಿದ್ದೇನೆ. ಇದರೊಂದಿಗೆ ಒಂದು ದುರಸ್ತಿಯೂ ಸೇರಿಕೊಂಡಿದೆ. ಬೆಂಗಳೂರಿನ ಸಂಗ್ರಾಹಕರೊಬ್ಬರಿಂದ ಕೊಂಡ, 1984ರ ಮೊದಲ ಸಾಲಿಗೆ ಸೇರಿದ ಪ್ರೌಲ್ ನನ್ನ ಮೇಜಿನ ಮೇಲಿದೆ. ಕಪ್ಪು ಬಿಳುಪಿನ ಪೊಲೀಸ್ ಕಾರಾಗಿ ನಿಲ್ಲುವ, ರೋಬೋ ಆದಾಗ ಕಾರಿನ ಮೂತಿಯೇ ಎದೆಯಾಗಿ ಬಾಗಿಲುಗಳು ಹೆಗಲ ಹಿಂದೆ ರೆಕ್ಕೆಗಳಂತೆ ಚಾಚಿಕೊಳ್ಳುವ ಆಟಿಕೆ ಇದು. ಇದರ ಬಿಳಿ ಭಾಗಗಳು ಹಳದಿಗಟ್ಟಿವೆ, ಎಡತೋಳಿನ ಬುಡದ ಕೀಲು ಅಲುಗುವುದೇ ಇಲ್ಲ.

ನೋಡುವವರ ಕಣ್ಣಿಗೆ ಮೊದಲು ಬೀಳುವುದು ಹಳದಿ ಬಣ್ಣವೇ ಆದರೂ ನನ್ನನ್ನು ಕಾಡುತ್ತಿರುವುದು ಆ ಕೀಲು. ಸುಮ್ಮನೆ ನಿಲ್ಲುವ ಗೊಂಬೆಗೆ ಬಣ್ಣ ಮಾಸಿದರೆ ಅಂದಗೆಡುತ್ತದೆ, ಅಷ್ಟೆ. ರೂಪ ಬದಲಿಸುವ ಗೊಂಬೆಯ ಒಂದು ಕೀಲು ಹಿಡಿದುಕೊಂಡರೆ ಅದು ಕಾರಾಗಿಯೂ ಪೂರ್ತಿಯಾಗದೆ, ರೋಬೋ ಆಗಿಯೂ ನಿಲ್ಲದೆ ನಡುವೆಯೇ ಉಳಿದುಬಿಡುತ್ತದೆ. ಆದ್ದರಿಂದ ಈ ವರ್ಷದ ಎಲ್ಲ ಏರ್ಪಾಡನ್ನೂ ಕೀಲುಗಳನ್ನು ಮುಂದಿಟ್ಟುಕೊಂಡೇ ಮಾಡಬೇಕೆಂದು ನಿರ್ಧರಿಸಿದ್ದೇನೆ.

ಹೊಸದನ್ನು ತರಿಸಿಕೊಳ್ಳುವುದು ಮೊದಲಿನಷ್ಟು ಸುಲಭವಾಗಿ ಉಳಿದಿಲ್ಲ ಎಂಬುದೂ ಈ ನಿರ್ಧಾರಕ್ಕೆ ಕಾರಣ. ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಲಾಯಿತು. 2021ರ ಜನವರಿಯಿಂದ ಐಎಸ್‌ಐ ಗುರುತೂ ಕಡ್ಡಾಯವಾಯಿತು. ಇಂಥ ಸ್ಥಿತಿಯಲ್ಲಿ ಕೈಯಲ್ಲಿರುವ ಒಂದೊಂದು ಆಟಿಕೆಯನ್ನೂ ಇನ್ನಷ್ಟು ಜತನದಿಂದ ಇಟ್ಟುಕೊಳ್ಳುವುದೇ ಸಂಗ್ರಹ ಬೆಳೆಸುವ ದಾರಿ ಎಂದು ನಾನು ನಂಬಿದ್ದೇನೆ.

ಮೃಗಶಿರಾ ಮಳೆ

ಮಳೆ ಹಿಡಿದಿದೆ. ಕೋಣೆಯಲ್ಲಿ ಇಟ್ಟಿರುವ ತೇವಾಂಶ ಮಾಪಕ ಶೇ 90ರ ಆಸುಪಾಸಿನಲ್ಲೇ ನಿಂತಿದೆ. ಶೇ 70ರಷ್ಟು ತೇವ ಬಹಳ ಕಾಲ ನಿಂತರೆ ಬೂಷ್ಟು ಹಿಡಿಯಲು ಸಾಕು. ಆಗುಂಬೆಯೂ ಸೇರಿರುವ ನಮ್ಮ ತಾಲ್ಲೂಕಿನಲ್ಲಿ ತಿಂಗಳುಗಟ್ಟಲೆ ಅದಕ್ಕಿಂತ ಕೆಳಗಿಳಿಯುವ ಮಾತೇ ಇಲ್ಲ.

ಹಿಂದೆ ಕ್ಯಾಮೆರಾ ಇಟ್ಟುಕೊಂಡವರು ಕಪಾಟಿನೊಳಗೆ ಝೀರೋ ಬಲ್ಬ್ ಉರಿಸಿಡುತ್ತಿದ್ದರು. ಹಳೆಯ ತಂತಿಯ ಬಲ್ಬಿನ ಸಣ್ಣ ಬಿಸಿಯಿಂದ ಕಪಾಟಿನ ಗಾಳಿ ಒಣಗುತ್ತಿತ್ತು. ಈಗಿನ ಎಲ್‌ಇಡಿ ಬಲ್ಬಿನಲ್ಲಿ ಆ ಬಿಸಿ ಇಲ್ಲ. ತಂತಿಯ ಬಲ್ಬ್ ಸಿಕ್ಕಿದರೂ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗುವುದು ತೇವ ಅತಿ ಹೆಚ್ಚಿರುವ ದಿನಗಳಲ್ಲೇ ಆದ್ದರಿಂದ ಆ ಉಪಾಯವನ್ನು ನಾನು ನೆಚ್ಚಿಕೊಂಡಿಲ್ಲ. ಬದಲಿಗೆ, ಮುಚ್ಚಳದ ಅಂಚಿಗೆ ರಬ್ಬರ್ ಪಟ್ಟಿ ಇರುವ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಗಳನ್ನು ಶಿವಮೊಗ್ಗದಿಂದ ತಂದು, ಒಂದೊಂದರಲ್ಲೂ ಬಟ್ಟೆಯ ಚೀಲದಲ್ಲಿ ಸಿಲಿಕಾ ಜೆಲ್ ಇಟ್ಟಿದ್ದೇನೆ. ತೇವ ಕುಡಿದಾಗ ನೀಲಿಯಿಂದ ಗುಲಾಬಿಗೆ ತಿರುಗುವ ಮಣಿಗಳಲ್ಲಿ ಕೋಬಾಲ್ಟ್ ಇರುವುದರಿಂದ ಅದನ್ನು ಬಿಟ್ಟು, ಕಿತ್ತಳೆಯಿಂದ ಹಸಿರಿಗೆ ತಿರುಗುವ ಜಾತಿಯನ್ನು ಆರಿಸಿಕೊಂಡೆ. ಹಸಿರಾದ ಮಣಿಗಳನ್ನು ಇದಕ್ಕೆಂದೇ ತೆಗೆದಿಟ್ಟ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆಯಾಗುತ್ತವೆ. ಡಬ್ಬದೊಳಗಿನ ತೇವ ಈಗ ಶೇ 45ರಲ್ಲಿದೆ.

ಬಟ್ಟೆಯ ಪೆಟ್ಟಿಗೆಗೆ ಹಾಕುವ ನುಸಿಗುಳಿಗೆಯನ್ನು ಇಲ್ಲಿಗೆ ಸೇರಿಸಬಾರದು. ಅದರ ಆವಿ ಹಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಅಂಟಂಟಾಗಿಸುತ್ತದೆ. ಸೂಚನಾ ಪತ್ರಗಳನ್ನೂ ರಟ್ಟಿನ ಪೆಟ್ಟಿಗೆಗಳನ್ನೂ ಹುಳು ತಿನ್ನದಂತೆ ಬೇರೆ ಡಬ್ಬದಲ್ಲಿ ಇಟ್ಟಾಗಿದೆ.

ಆರಿದ್ರಾ ಮಳೆ

ಪ್ರೌಲ್‌ನ ಕೀಲನ್ನು ಬಿಚ್ಚುವ ಕೆಲಸ ಮುಗಿಯಿತು. ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಹಳೆಯ ಆಟಿಕೆ ಇಟ್ಟುಕೊಂಡಿರುವ ಮಲೆನಾಡಿನ ಯಾರಿಗೇ ಆದರೂ ಒಂದಲ್ಲ ಒಂದು ದಿನ ಇದು ಎದುರಾಗುತ್ತದೆ.

ಈ ಕಾರಿನ ಅಚ್ಚು ಟ್ರಾನ್ಸ್‌ಫಾರ್ಮರ್ಸ್‌ಗಿಂತ ಹಳೆಯದು. ಜಪಾನಿನ ಟಕಾರಾ ಕಂಪನಿ 1980ರಲ್ಲಿ ಆರಂಭಿಸಿದ ಡಯಾಕ್ಲೋನ್ ಸಾಲಿನಲ್ಲಿ ನಿಜವಾದ ಕಾರುಗಳನ್ನು 1:60ರ ಅಳತೆಗೆ ಇಳಿಸಿ, ಒಳಗೆ ಪುಟ್ಟ ಚಾಲಕನನ್ನು ಕೂರಿಸುವಂತೆ ರೋಬೋಗಳನ್ನು ರೂಪಿಸಲಾಗಿತ್ತು. ಅವುಗಳನ್ನೂ ಟಕಾರಾದ್ದೇ ಆದ ಮೈಕ್ರೋಮ್ಯಾನ್ ಸಾಲಿನ ಕೆಲವನ್ನೂ ಸೇರಿಸಿ ಹ್ಯಾಸ್ಬ್ರೋ ಎಂಬ ಆಟಿಕೆ ಕಂಪನಿ 1984ರಲ್ಲಿ ಅಮೆರಿಕದಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂಬ ಹೊಸ ಹೆಸರಿನಿಂದ ಮಾರಾಟಕ್ಕೆ ತಂದಿತು. ಚಾಲಕ ಆ ಪೆಟ್ಟಿಗೆಗಳಲ್ಲಿ ಬರಲಿಲ್ಲ, ಆದರೆ ಅವನ ಆಸನ ಕಾರಿನೊಳಗೆ ಹಾಗೆಯೇ ಉಳಿಯಿತು. ಲೋಹವನ್ನೂ ಪ್ಲಾಸ್ಟಿಕ್ಕನ್ನೂ ಬೆರೆಸಿ ಕಟ್ಟಿದ, ಅಷ್ಟು ಸಣ್ಣ ಮೈಯಲ್ಲಿ ಅಷ್ಟೊಂದು ಮಡಿಕೆಗಳನ್ನು ಅಡಗಿಸಿದ ಈ ಆಟಿಕೆಗಳು ತೆಳುವಾದ ಉಕ್ಕಿನ ಪಿನ್ನುಗಳನ್ನೇ ನಂಬಿಕೊಂಡಿವೆ. ತೇವ ಮೊದಲು ಹೊಕ್ಕುವುದೂ ಅಲ್ಲಿಗೇ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಹಾಗೆ ಉಬ್ಬಿದ ಪಿನ್ನು ಮೊದಲು ಕೀಲನ್ನು ಬಿಗಿಯುತ್ತದೆ, ಆಮೇಲೆ ಸುತ್ತಲಿನ ಪ್ಲಾಸ್ಟಿಕ್ಕನ್ನೇ ಒಳಗಿನಿಂದ ಸೀಳುತ್ತದೆ. ಬಲವಂತವಾಗಿ ತಿರುಗಿಸಿದರೆ ಸೀಳುವಿಕೆ ಆ ಕ್ಷಣದಲ್ಲೇ ಆಗಿಬಿಡಬಹುದು.

ಇಂಥ ಪಿನ್ನಿನ ಒಂದು ತುದಿ ನುಣುಪಾಗಿರುತ್ತದೆ, ಇನ್ನೊಂದು ತುದಿಯಲ್ಲಿ ಉದ್ದುದ್ದ ಗೀರುಗಳಿರುತ್ತವೆ. ಪ್ಲಾಸ್ಟಿಕ್ಕನ್ನು ಕಚ್ಚಿ ಹಿಡಿಯುವುದು ಗೀರಿನ ತುದಿ. ಭೂತಗನ್ನಡಿ ಹಿಡಿದು ಗೀರುಗಳು ಯಾವ ಕಡೆಗಿವೆ ಎಂದು ಗುರುತಿಸಿಕೊಂಡು, ನುಣುಪಾದ ತುದಿಯಿಂದ ಒತ್ತಿ ಗೀರಿನ ತುದಿ ಹೊರಬರುವಂತೆ ತಳ್ಳಬೇಕು. ಇದಕ್ಕೆ ಗಡಿಯಾರದ ಪಟ್ಟಿಯ ಕಡ್ಡಿ ತೆಗೆಯುವ ಉಪಕರಣವನ್ನು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡಿದ್ದೆ. ಒಂದು ಹನಿ ಸಿಲಿಕೋನ್ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಯಲು ಇಟ್ಟು, ಬೆಳಿಗ್ಗೆ ಒತ್ತಿದಾಗ ಪಿನ್ನು ಕೂದಲೆಳೆಯಷ್ಟು ಸರಿದು, ಆಮೇಲೆ ಸಲೀಸಾಗಿ ಬಂತು. ನಡುಭಾಗ ಕೆಂಪಗೆ ಹುರುಪೆಗಟ್ಟಿತ್ತು, ಎರಡೂ ತುದಿಗಳು ಮಾತ್ರ ಹೊಳೆಯುತ್ತಿದ್ದವು. ಹೊರಗಿನಿಂದ ನೋಡಿದವರಿಗೆ ತುಕ್ಕಿನ ಸುಳಿವೇ ಸಿಗದಿದ್ದುದು ಇದೇ ಕಾರಣಕ್ಕೆ.

ತೂತಿನೊಳಗಿನ ತುಕ್ಕಿನ ಪುಡಿಯನ್ನು ಹಲ್ಲುಕಡ್ಡಿಗೆ ಸುತ್ತಿದ ಹತ್ತಿಯಿಂದ ಒರೆಸಿ, ವರ್ನಿಯರ್‌ನಲ್ಲಿ ಅಳೆದು, ಅದೇ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಸರಳನ್ನು ಕತ್ತರಿಸಿ, ತುದಿಗಳನ್ನು ಸಾವಿರ ನಂಬರಿನ ಮರಳುಕಾಗದದಲ್ಲಿ ಉಜ್ಜಿ ಸೇರಿಸಿದೆ. ಮೂಲದ ಪಿನ್ನನ್ನು ಎಸೆಯದೆ ಚೀಟಿ ಬರೆದು ಪುಟ್ಟ ಕವರಿನಲ್ಲಿ ಇಟ್ಟಿದ್ದೇನೆ. ಮುಂದೆ ಈ ಆಟಿಕೆ ಯಾರ ಕೈ ಸೇರಿದರೂ ಅದರಲ್ಲಿ ಯಾವುದು ಹಳೆಯದು, ಯಾವುದು ಹೊಸದು ಎಂಬುದು ಅವರಿಗೆ ತಿಳಿಯಬೇಕು.

ಎಣ್ಣೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮನೆಯಲ್ಲಿ ಬಾಗಿಲ ತಿರುಗಣಿಗೆ ಹಾಕುವ ಕೊಬ್ಬರಿ ಎಣ್ಣೆಯಾಗಲಿ, ಹೊಲಿಗೆ ಯಂತ್ರದ ಎಣ್ಣೆಯಾಗಲಿ ಇವುಗಳ ಹತ್ತಿರ ಸುಳಿಯಬಾರದು. ಎಬಿಎಸ್ ಮತ್ತು ಪಾಲಿಕಾರ್ಬನೇಟ್ ಪ್ಲಾಸ್ಟಿಕ್ಕುಗಳು ಬಿಗಿತದಲ್ಲಿರುವಾಗ ಇಂಥ ಎಣ್ಣೆ ತಗುಲಿದರೆ ಕೂದಲೆಳೆಯಂತೆ ಬಿರುಕು ಬಿಡುತ್ತವೆ. ಸಿಲಿಕೋನ್ ಗ್ರೀಸ್ ಸಾಸಿವೆಯಷ್ಟಿದ್ದರೆ ಒಂದು ಕೀಲಿಗೆ ಧಾರಾಳ. ಸ್ಕ್ರೂಗಳನ್ನು ಮರಳಿ ಹಾಕುವಾಗಲೂ ಒಂದು ಕ್ರಮವಿದೆ. ಮೊದಲು ಎಡಕ್ಕೆ ನಿಧಾನವಾಗಿ ತಿರುಗಿಸುತ್ತ ಹೋದರೆ ಒಂದೆಡೆ ಸ್ಕ್ರೂ ‘ಟಿಕ್’ ಎಂದು ಹಳೆಯ ಮರೆಯೊಳಗೆ, ಅಂದರೆ ಹಿಂದೆ ಕೊರೆದಿದ್ದ ಸುರುಳಿ ಗೀರಿನೊಳಗೆ ಇಳಿಯುತ್ತದೆ. ಬಲಕ್ಕೆ ತಿರುಗಿಸಿ ಬಿಗಿಮಾಡಬೇಕಾದ್ದು ಅಲ್ಲಿಂದ. ಹೀಗೆ ಮಾಡಿದರೆ ಪ್ಲಾಸ್ಟಿಕ್ಕಿನಲ್ಲಿ ಹೊಸ ಮರೆ ಕೊರೆದು ಹಿಡಿತ ಸಡಿಲವಾಗುವುದಿಲ್ಲ.

ಪುನರ್ವಸು ಮಳೆ

ಡಬ್ಬಗಳ ತೇವಾಂಶ ಏರಿಲ್ಲ. ಪ್ರೌಲ್‌ನ ರಬ್ಬರ್ ಗಾಲಿಗಳು ಪ್ಲಾಸ್ಟಿಕ್ಕಿಗೆ ತಾಗಿಕೊಂಡೇ ಇದ್ದರೆ ಕಲೆ ಬೀಳಬಹುದೆಂದು ನಡುವೆ ಬಟರ್ ಪೇಪರ್ ಇಟ್ಟಿದ್ದೇನೆ.

ಪುಷ್ಯ ಮಳೆ

ಪ್ರತಿ ಮಳೆನಕ್ಷತ್ರ ಬದಲಾದಾಗ ಡಬ್ಬ ತೆರೆದು ಎಲ್ಲವನ್ನೂ ಒಮ್ಮೆ ರೂಪ ಬದಲಿಸಿ ಇಡುವ ನಿಯಮ ಇಟ್ಟುಕೊಂಡಿದ್ದೇನೆ. ಕೀಲು ಆಡುತ್ತಿದ್ದರೆ ಗ್ರೀಸ್ ಒಂದೇ ಕಡೆ ನಿಲ್ಲುವುದಿಲ್ಲ, ಹಿಡಿಯಲು ಆರಂಭಿಸಿದ ಪಿನ್ನು ಬೇಗ ಗೊತ್ತಾಗುತ್ತದೆ. ಈ ಸಲ ಅಕ್ಕನ ಮಗ ಜೊತೆಗಿದ್ದ. ಟ್ರಾನ್ಸ್‌ಫಾರ್ಮರ್ಸ್‌ನ 2019ರ ಸೀಜ್ ಎಂಬ ಸಾಲಿನ ಆಪ್ಟಿಮಸ್ ಪ್ರೈಮ್ ಕೈಗೆತ್ತಿಕೊಂಡು, “ಮಾವ, ಕೈ ಮೊದ್ಲಾ, ಕಾಲು ಮೊದ್ಲಾ?” ಎಂದು ಕೇಳಿದ. “ಕಾಲು ಮೊದ್ಲು ಪುಟ್ಟಾ, ಬಿಗಿ ಅನ್ಸಿದ್ರೆ ಅಲ್ಲೇ ನಿಲ್ಸು” ಎಂದೆ. ಅವನು ನಿಲ್ಲಿಸಿ, ತಿರುಗಿಸಿ ನೋಡಿ, ಅಡ್ಡ ಬಂದಿದ್ದ ತುಂಡನ್ನು ತಾನೇ ಹುಡುಕಿ ಸರಿಸಿದ. ಈ ಆಟಿಕೆಗಳನ್ನು ಗಾಜಿನ ಹಿಂದೆ ಇಟ್ಟು ಯಾರೂ ಮುಟ್ಟದಂತೆ ಕಾಯುವವರ ಬಗ್ಗೆ ನನಗೆ ಗೌರವವಿದೆ. ಆದರೆ ಇವುಗಳನ್ನು ರೂಪಿಸಿದವರ ಜಾಣತನ ಅರ್ಥವಾಗುವುದು ಹೀಗೆ ಕೈಯಲ್ಲಿ ಹಿಡಿದಾಗ ಮಾತ್ರ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸೀಜ್ ಸಾಲಿನವುಗಳ ಮೈತುಂಬ ಆಯುಧ ಸಿಕ್ಕಿಸುವ 5 ಮಿಲಿಮೀಟರ್ ತೂತುಗಳಿವೆ. ಡಬ್ಬಕ್ಕೆ ಹಾಕುವಾಗ ಆಯುಧಗಳನ್ನು ಬಿಡಿಸಿ ಬೇರೆ ಇಡುತ್ತೇನೆ. ಬಿಗಿಯಾದ ಕಡ್ಡಿ ತಿಂಗಳುಗಟ್ಟಲೆ ತೂತಿನೊಳಗಿದ್ದರೆ ಅಂಚು ಅಗಲವಾಗುತ್ತದೆ, ಇಲ್ಲವೇ ಬಿಳಿಚಿಕೊಳ್ಳುತ್ತದೆ.

ಸಡಿಲಾದ ಗುಂಡುಕೀಲಿಗೆ ಬೇರೆಯದೇ ಚಿಕಿತ್ಸೆ. ಗುಂಡಿನ ಮೇಲೆ ಸೂಪರ್ ಗ್ಲೂ ತೆಳುವಾಗಿ ಸವರಿ, ಅದು ಪೂರ್ತಿ ಒಣಗಿದ ಮೇಲೆಯೇ ಬಟ್ಟಲಿಗೆ ಕೂರಿಸಿದರೆ ಒಂದು ಪದರದಷ್ಟು ದಪ್ಪ ಹೆಚ್ಚಿ ಹಿಡಿತ ಬರುತ್ತದೆ. ಎರಡು ಆಟಿಕೆಗಳ ಸೊಂಟ ಹೀಗೆ ಗಟ್ಟಿಯಾಗಿ ಈಗ ನೆಟ್ಟಗೆ ನಿಲ್ಲುತ್ತಿವೆ.

ಆಶ್ಲೇಷ ಮಳೆ

ಪ್ರೌಲ್ ಈಗ ಕಾರಿನಿಂದ ರೋಬೋಗೆ, ರೋಬೋದಿಂದ ಕಾರಿಗೆ ಎಲ್ಲಿಯೂ ತಡೆಯದೆ ತಿರುಗುತ್ತಾನೆ. ಎಡತೋಳಿಗೂ ಬಲತೋಳಿಗೂ ಬಿಗಿಯಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ.

ಉಳಿದಿರುವುದು ಹಳದಿ ಬಣ್ಣ. ಅದನ್ನು ತೆಗೆಯಲು ಔಷಧಿ ಅಂಗಡಿಯಲ್ಲಿ ಸಿಗುವ 20 ವಾಲ್ಯೂಮ್ ಹೈಡ್ರೋಜನ್ ಪೆರಾಕ್ಸೈಡ್, ಅಂದರೆ ಶೇ 6ರ ದ್ರಾವಣ, ಸಾಕಾಗುತ್ತದೆ. ಆದರೆ ಅದು ಚೆನ್ನಾಗಿ ಕೆಲಸ ಮಾಡಲು ಅತಿನೇರಳೆ ಕಿರಣ ಬೇಕು, ಆ ಬಿಸಿಲು ನಮ್ಮಲ್ಲಿ ದೀಪಾವಳಿಯ ಹೊತ್ತಿಗಲ್ಲದೆ ನೆಚ್ಚುವಂತಿಲ್ಲ. ಅಷ್ಟರೊಳಗೆ ಬಿಳಿ ಭಾಗಗಳನ್ನು ಬಿಡಿಸಿ, ಪೊಲೀಸ್ ಸ್ಟಿಕರ್‌ಗಳನ್ನು ಬಿಸಿಗಾಳಿ ಹಿಡಿದು ಎಬ್ಬಿಸಿ, ಬೆಳ್ಳಿ ಮೆರುಗಿನ ಆಯುಧಗಳನ್ನು ಬೇರ್ಪಡಿಸಿ ಇಡಬೇಕು. ಪೆರಾಕ್ಸೈಡ್ ಸ್ಟಿಕರ್‌ನ ಬಣ್ಣವನ್ನೂ ಮೆರುಗಿನ ಲೇಪವನ್ನೂ ಉಳಿಸುವುದಿಲ್ಲ. ಮಘೆ ಮಳೆಯ ಹೊತ್ತಿಗೆ ಸ್ಟಿಕರ್‌ಗಳ ಕೆಲಸ ಮುಗಿಸಿ, ಬಲತೋಳಿನ ಪಿನ್ನನ್ನೂ ಹೊರತೆಗೆದು ಪರೀಕ್ಷಿಸುವ ಯೋಜನೆಯಿದೆ. ಎಡಗಡೆಯದು ಒಳಗೇ ಅಷ್ಟು ತುಕ್ಕು ಹಿಡಿದಿದ್ದ ಮೇಲೆ, ಚೆನ್ನಾಗಿ ತಿರುಗುತ್ತಿದೆ ಎಂಬ ಒಂದೇ ಕಾರಣಕ್ಕೆ ಬಲಗಡೆಯದನ್ನು ನೋಡದೆ ಬಿಡಲು ನನಗೆ ಮನಸ್ಸಿಲ್ಲ.