ನೀರು ಏರುವ ಹೊತ್ತಿಗೆ

ಪುಷ್ಯದ ಅಮಾವಾಸ್ಯೆ ಕಳೆದ ಮರುದಿನ. ಅಘನಾಶಿನಿ ಅಳಿವೆಯಲ್ಲಿ ಬೆಳಗಿನ ಇಳಿತ 5:40ರ ಸುಮಾರಿಗೆ, ಸೂರ್ಯೋದಯ 7:05ಕ್ಕೆ, ಭರತ, ಅಂದರೆ ನೀರು ಪೂರ್ತಿ ಏರುವುದು, ಮಧ್ಯಾಹ್ನ 12ಕ್ಕೆ ಸ್ವಲ್ಪ ಮೊದಲು. ಕೆಸರಿನ ಹಕ್ಕಿಗಳ ಫೋಟೋ ತೆಗೆಯಲು ಹೊರಟವರಿಗೆ ಕ್ಯಾಮೆರಾದ ಬೆಲೆಗಿಂತ ಈ ಮೂರು ಸಮಯಗಳೇ ಮುಖ್ಯ. ಇವು ಸರಿಯಾಗಿ ಕೂಡಿ ಬಂದ ದಿನ ಹಕ್ಕಿಯ ಹಿಂದೆ ಹೋಗುವುದೇ ಬೇಡ, ನೀರೇ ಅದನ್ನು ಎಬ್ಬಿಸಿಕೊಂಡು ಕಾಲ ಬುಡಕ್ಕೆ ತರುತ್ತದೆ. ಕೂಡಿ ಬರದ ದಿನ ಎಷ್ಟು ದೊಡ್ಡ ಲೆನ್ಸ್ ಇದ್ದರೂ ಸಿಗುವುದು ಬೂದು ಕೆಸರಿನ ಮೇಲೆ ನಾಲ್ಕು ಚುಕ್ಕೆ.

ಲೆಕ್ಕ ಹೀಗಿದೆ. ಇಳಿತದಿಂದ ಭರತಕ್ಕೆ ಆರು ಗಂಟೆಗೆ ಚೂರು ಹೆಚ್ಚು ಬೇಕು. ಆದರೆ ನೀರು ಒಂದೇ ಸಮ ಏರುವುದಿಲ್ಲ. ಮೊದಲ ಗಂಟೆಯಲ್ಲಿ ಒಟ್ಟು ಏರಿಕೆಯ ಹನ್ನೆರಡರಲ್ಲಿ ಒಂದು ಪಾಲು, ಎರಡನೇ ಗಂಟೆಯಲ್ಲಿ ಎರಡು, ಮೂರನೇ ಮತ್ತು ನಾಲ್ಕನೇ ಗಂಟೆಗಳಲ್ಲಿ ಮೂರು ಮೂರು ಪಾಲು. ಅಂದರೆ ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು ಬಂದುಬಿಡುತ್ತದೆ. 5:40ಕ್ಕೆ ಇಳಿತವಾದರೆ ಆ ಎರಡು ಗಂಟೆ 7:40ರಿಂದ 9:40. ಜನವರಿಯಲ್ಲಿ ಬೆಳಕು ಚೆನ್ನಾಗಿರುವುದೂ ಸರಿಯಾಗಿ ಅದೇ ಹೊತ್ತಿನಲ್ಲಿ. ಕೆಸರು ಬಹುತೇಕ ಸಮತಟ್ಟಾಗಿರುವುದರಿಂದ ನೀರು ಒಂದು ಗೇಣು ಏರಿದರೂ ಅದರ ಅಂಚು ಹತ್ತಾರು ಮೀಟರ್ ಒಳಗೆ ಬರುತ್ತದೆ. ಆ ಅಂಚಿನ ಜೊತೆಗೇ ಹಕ್ಕಿಯೂ ಬರುತ್ತದೆ, ಏಡಿ ಹುಳು ಮೇಲೆ ಬರುವುದು ಅಲ್ಲೇ.

ಹಕ್ಕಿ ಹತ್ತಿರ ಬರಲೇಬೇಕು ಎನ್ನುವುದೇಕೆ? 600 ಎಂಎಂ ಲೆನ್ಸ್‌ನಲ್ಲಿ, ಫುಲ್ ಫ್ರೇಮ್ (36 ಎಂಎಂ ಅಗಲದ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ, 60 ಮೀಟರ್ ದೂರಕ್ಕೆ ಚೌಕಟ್ಟಿನ ಅಗಲ 3.6 ಮೀಟರ್. ಮೊಳಕ್ಕೆ ಚೂರು ಕಡಿಮೆ ಉದ್ದದ, ಬಾಗಿದ ಕೊಕ್ಕಿನ ವಿಂಬ್ರೆಲ್ ಹಕ್ಕಿ ಅದರಲ್ಲಿ ಎಂಟನೇ ಒಂದು ಭಾಗವೂ ತುಂಬುವುದಿಲ್ಲ. 20 ಮೀಟರ್‌ಗೆ ಬಂದರೆ ಚೌಕಟ್ಟು 1.2 ಮೀಟರ್ ಆಗುತ್ತದೆ, ಹಕ್ಕಿ ಮೂರನೇ ಒಂದು ಭಾಗ ತುಂಬುತ್ತದೆ. ದೂರದ ಫೋಟೋ ಕತ್ತರಿಸಿ ದೊಡ್ಡದು ಮಾಡಿದರಾಯಿತು ಎಂದುಕೊಳ್ಳುವವರು ನಡುವಿನ ಗಾಳಿಯನ್ನು ಮರೆಯುತ್ತಾರೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಯಾವ ದಡ ಎನ್ನುವುದು ಎರಡನೇ ಪ್ರಶ್ನೆ. ಚಳಿಗಾಲದಲ್ಲಿ ಸೂರ್ಯ ಆಗ್ನೇಯದಲ್ಲಿ ಹುಟ್ಟಿ ದಿನವಿಡೀ ದಕ್ಷಿಣಕ್ಕೇ ವಾಲಿರುತ್ತಾನೆ. ಉತ್ತರ ದಡದ ತದಡಿ ಕಡೆ ಕುಳಿತು ಹೊಳೆಯತ್ತ ನೋಡಿದರೆ ಬೆಳಕು ಎದುರಿಗೇ, ಹಕ್ಕಿಗಳೆಲ್ಲ ಕರಿ ನೆರಳು. ಅದಕ್ಕೇ ನಾವು ಕುಮಟಾದಿಂದ ಕಾಗಾಲದ ದಾರಿ ಹಿಡಿದು ದಕ್ಷಿಣ ದಡಕ್ಕೆ ಹೋದದ್ದು. ಅಲ್ಲಿ ವಾಯವ್ಯಕ್ಕೆ ಮುಖ ಮಾಡಿದರೆ ಬಿಸಿಲು ಬಲ ಭುಜದ ಹಿಂದಿನಿಂದ ಬೀಳುತ್ತದೆ. ಬೆನ್ನಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸಾಲು. ಬಟ್ಟೆಯ ಬಣ್ಣದ ಬಗ್ಗೆ ಜನ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ಹಕ್ಕಿಗೆ ಹೆದರಿಕೆ ಆಗುವುದು ಆಕಾಶದ ಎದುರು ಎದ್ದು ಕಾಣುವ ಮನುಷ್ಯಾಕಾರದಿಂದ ಮತ್ತು ಅಲುಗಾಟದಿಂದ. ಹಿಂದೆ ಗಿಡವಿದ್ದು, ಕೆಳಗೆ ಕುಳಿತು, ಸುಮ್ಮನಿದ್ದರೆ ನೀಲಿ ಅಂಗಿಯೂ ನಡೆಯುತ್ತದೆ. ಬಿಳಿಯೊಂದು ಬೇಡ.

ಕೆಸರಿಗೆ ಇಳಿಯುವ ಮೊದಲು ಬೆಳಚು (ತಿನ್ನುವ ಚಿಪ್ಪುಜೀವಿ) ಆಯುತ್ತಿದ್ದ ಅಕ್ಕನೊಬ್ಬರನ್ನು ಕೇಳಿದೆವು. "ಆ ಬದಿಗೆ ಹೋಗ್ಬೇಡಿ, ಕಾಲು ಹುಗಿತದೆ. ಕಲ್ಲಿನ ಬದಿಗೂ ಬೇಡ, ಚಿಪ್ಪು ಕೊಯ್ತದೆ. ಹೀಗೆ ಬನ್ನಿ" ಎಂದು ತಾವು ಬಂದ ಹೆಜ್ಜೆಯನ್ನೇ ತೋರಿಸಿದರು. ಇಲ್ಲಿ ಇದಕ್ಕಿಂತ ಒಳ್ಳೆಯ ನಕ್ಷೆ ಇಲ್ಲ. ಗುರುತು ಹಿಡಿಯುವುದು ಹೀಗೆ: ಮರಳು ಬೆರೆತು ಅಲೆ ಅಲೆಯಾಗಿ ಗೆರೆ ಬಿದ್ದ ನೆಲ ಗಟ್ಟಿ. ಕಪ್ಪಗೆ, ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ನೆಲದಲ್ಲಿ ಮೊಣಕಾಲಿನವರೆಗೆ ಹೋಗುತ್ತದೆ. ಗಂಬೂಟು ಹಾಕಬಾರದು, ಕಾಲು ಎತ್ತಿದಾಗ ಬೂಟು ಅಲ್ಲೇ ಉಳಿಯುತ್ತದೆ. ಬರಿಗಾಲೂ ಬೇಡ. ಲೇಸ್ ಬಿಗಿಯಾಗಿ ಕಟ್ಟಿದ ಹಳೇ ಕ್ಯಾನ್ವಾಸ್ ಶೂ ಎಲ್ಲಕ್ಕಿಂತ ಮೇಲು. ಹಿಂದಿರುಗುವ ದಾರಿಯಲ್ಲಿ ತೋಡು ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಮುಂದಿನ ನೀರು ಕಾಣುತ್ತಿರುತ್ತದೆ, ಹಿಂದಿನ ತೋಡು ತುಂಬಿದ್ದು ಎದ್ದು ನಿಂತಾಗಲೇ ಗೊತ್ತಾಗುವುದು.

ಆರೂವರೆಗೆ, ಇನ್ನೂ ಮಬ್ಬಿರುವಾಗಲೇ, ಕುಳಿತಾಗಿತ್ತು. ಬಿಸಿಲು ಬಂದ ಮೇಲೆ ನಡೆದು ಬಂದರೆ ದಡದ ಹಕ್ಕಿಗಳೆಲ್ಲ ಎದ್ದು ಆಚೆ ದಿಬ್ಬಕ್ಕೆ ಹೋಗುತ್ತವೆ. ಒಂದು ಕೆಂಪುಗಾಲಿನ ರೆಡ್‌ಶ್ಯಾಂಕ್ ಕೂಗಿದರೆ ಸಾಕು, ಉಳಿದವಕ್ಕೆಲ್ಲ ಅದೇ ಡಂಗುರ. ಕ್ಯಾಮೆರಾ ನೆಲದಿಂದ ಒಂದು ಗೇಣಿಗಿಂತ ಮೇಲೆ ಇರಬಾರದು. ನಿಂತು ತೆಗೆದ ಫೋಟೋದಲ್ಲಿ ಹಕ್ಕಿಯ ಹಿಂದೆ ಬರೀ ಕೆಸರು. ಮಲಗಿ ತೆಗೆದರೆ ಹಿನ್ನೆಲೆ ನೂರು ಮೀಟರ್ ಹಿಂದಕ್ಕೆ ಸರಿದು ನೀರಿನ ಬಣ್ಣವಾಗಿ ಕರಗುತ್ತದೆ. ಟ್ರೈಪಾಡ್ ಕೆಸರಿನಲ್ಲಿ ಹುಗಿಯುತ್ತದೆ, ಅದರ ಬೀಗಗಳಿಗೆ ಉಪ್ಪು ಹೊಕ್ಕು ಕೆಡುತ್ತದೆ. ಹಳೇ ಅಲ್ಯುಮಿನಿಯಂ ತಟ್ಟೆಯೊಂದರ ಮೇಲೆ 2 ಕಿಲೋ ಕುಚ್ಚಲಕ್ಕಿ ತುಂಬಿ ಹೊಲಿದ ದಪ್ಪ ಬಟ್ಟೆಯ ಚೀಲ, ಅದರ ಮೇಲೆ ಲೆನ್ಸ್. ತಟ್ಟೆ ಕೆಸರಿನ ಮೇಲೆ ಜಾರುತ್ತದೆ, ಎತ್ತದೆಯೇ ಮುಂದೆ ತಳ್ಳಬಹುದು. ಚೀಲವನ್ನು ಪೂರ್ತಿ ಬಿಗಿಯಾಗಿ ತುಂಬಬಾರದು, ಮುಕ್ಕಾಲು ಸಾಕು. ಬಿಗಿಯಾದರೆ ಲೆನ್ಸ್ ಅದರ ಮೇಲೆ ಉರುಳುತ್ತದೆ.

7:20ಕ್ಕೆ ಬೆಟ್ಟದ ಮೇಲಿಂದ ಬಿಸಿಲು ಬಿತ್ತು. ದೂರದಲ್ಲಿ ಸ್ಯಾಂಡ್ ಪ್ಲವರ್‌ಗಳ ಹಿಂಡು, ಓಡು-ನಿಲ್ಲು-ಕುಕ್ಕು ಎನ್ನುವ ಅವುಗಳ ನಡೆಯಿಂದಲೇ ತಿಳಿಯುತ್ತದೆ. ಅವುಗಳ ನಡುವೆ ಮೇಲ್ಮುಖವಾಗಿ ಬಾಗಿದ ಕೊಕ್ಕಿನ ಟೆರೆಕ್ ಸ್ಯಾಂಡ್‌ಪೈಪರ್ ಎರಡು, ಏಡಿಯ ಹಿಂದೆ ಅಂಕುಡೊಂಕಾಗಿ ಓಡುತ್ತಿದ್ದವು. ಎಂಟು ದಾಟುವ ಹೊತ್ತಿಗೆ ನೀರಿನ ಅಂಚು ಅರ್ಧ ದೂರ ಬಂದಿತ್ತು. ಒಂದು ವಿಂಬ್ರೆಲ್ ಹಿಂಡು ಬಿಟ್ಟು ನಮ್ಮ ಕಡೆಗೇ ನಡೆದುಬಂತು.

ವಿಂಬ್ರೆಲ್ ಏಡಿ ತಿನ್ನುವುದನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಕೊಕ್ಕಿನ ಬಾಗು ಏಡಿಯ ಬಿಲದ ಬಾಗಿಗೆ ಹೊಂದುತ್ತದೆ. ಕೊಕ್ಕು ಇಳಿಸಿ, ತಲೆಯನ್ನು ಅರ್ಧ ಸುತ್ತು ತಿರುಗಿಸಿ, ಏಡಿಯನ್ನು ಹೊರಗೆಳೆಯುತ್ತದೆ. ನಂತರ ಝಾಡಿಸುತ್ತದೆ, ಕಾಲುಗಳು ಒಂದೊಂದಾಗಿ ಕಳಚಿ ಬೀಳುತ್ತವೆ. ಆಮೇಲೆ ನೀರಿಗೆ ಹೋಗಿ ತೊಳೆಯುತ್ತದೆ! ಕೆಸರು ಹೋದ ಮೇಲೆ ತಲೆ ಎತ್ತಿ ಒಂದೇ ಗುಟುಕು. ಇಷ್ಟಕ್ಕೆಲ್ಲ ಅರ್ಧ ನಿಮಿಷ ಸಾಲದು. ಫೋಟೋದವರು ಹೆಚ್ಚಾಗಿ ತಪ್ಪುವುದು ಏಡಿ ಮೇಲೆ ಬಂದ ಕೂಡಲೇ ಬಟನ್ ಒತ್ತಿ ಹಿಡಿಯುವುದರಲ್ಲಿ. ಸೆಕೆಂಡಿಗೆ 20 ಫ್ರೇಮ್ ಓಡುವ ಕ್ಯಾಮೆರಾದ ಬಫರ್ (ಫೋಟೋಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಜಾಗ), ತೊಳೆಯುವ ಹೊತ್ತಿಗೆ ತುಂಬಿ ನಿಂತುಬಿಡುತ್ತದೆ, ಮುಖ್ಯವಾದ ನುಂಗುವ ಕ್ಷಣ ಹೋಗುತ್ತದೆ. ಝಾಡಿಸುವಾಗ ಎಂಟು ಹತ್ತು ಫ್ರೇಮ್, ಮತ್ತೆ ಬಿಡುವು, ನೀರಿಗೆ ತಾಗಿದಾಗ ಹತ್ತು, ತಲೆ ಎತ್ತಿದಾಗ ಹತ್ತು. ಹಕ್ಕಿ ನಡೆಯುವಾಗ ಶಟರ್ 1/800 ಸೆಕೆಂಡು ತೆರೆದರೆ ಸಾಕು. ಏಡಿ ಝಾಡಿಸುವಾಗ 1/1000ದಲ್ಲೂ ಕೊಕ್ಕಿನ ತುದಿ ಅಲುಗಿಹೋಗಿತ್ತು, 1/2000ಕ್ಕೆ ಏರಿಸಿದ ಮೇಲೆ ಹಾರಿ ಬಿದ್ದ ಏಡಿ ಕಾಲೂ ಬಿಡಿಬಿಡಿಯಾಗಿ ಬಂತು.

ಇದರ ಜೊತೆ ಕರ್ಲ್ಯೂ ಬಂದರೆ ಹೊಸಬರಿಗೆ ಗೊಂದಲ. ವಿಂಬ್ರೆಲ್‌ನ ನೆತ್ತಿಯ ಮೇಲೆ ಎರಡು ಕಪ್ಪು ಪಟ್ಟೆ, ನಡುವೆ ತಿಳಿ ಗೆರೆ. ಕರ್ಲ್ಯೂಗೆ ಈ ಪಟ್ಟೆ ಇಲ್ಲ, ಕೊಕ್ಕು ಇನ್ನೂ ಬಹಳ ಉದ್ದ. ಸ್ಯಾಂಡ್ ಪ್ಲವರ್‌ಗಳಲ್ಲಿ ಚಿಕ್ಕದು ಮತ್ತು ದೊಡ್ಡದು ಬೇರ್ಪಡಿಸುವುದು ಕಷ್ಟ. ಕೊಕ್ಕಿನ ಉದ್ದ ನೋಡಬೇಕು, ಅದಕ್ಕೆ ಪೂರ್ತಿ ಪಕ್ಕದಿಂದ ತೆಗೆದ ಫೋಟೋ ಒಂದಾದರೂ ಬೇಕು. ಕಾಲಿನ ಬಣ್ಣವನ್ನು ನಂಬುವ ಮೊದಲು ಅದು ಕೆಸರೇ ಎಂದು ನೋಡಿಕೊಳ್ಳಬೇಕು. ಹಾರುವ ಫೋಟೋ ಮಸುಕಾಗಿದ್ದರೂ ಅಳಿಸಬಾರದು. ರೆಡ್‌ಶ್ಯಾಂಕ್‌ನ ರೆಕ್ಕೆಯ ಹಿಂದಂಚಿನ ಬಿಳಿ ಪಟ್ಟಿಯಂಥ ಗುರುತು ಹಾರುವಾಗಲೇ ಕಾಣುವುದು. ಅಂದಹಾಗೆ, ಹಳೇ ಪಟ್ಟಿಯ ಲೆಸ್ಸರ್ ಸ್ಯಾಂಡ್ ಪ್ಲವರ್ ಈಗ ಒಂದೇ ಹಕ್ಕಿಯಲ್ಲ. 2023ರಲ್ಲಿ ಹಕ್ಕಿ ದಾಖಲಿಸುವ ಜಾಲತಾಣ ಇ-ಬರ್ಡ್ ಅದನ್ನು ಸೈಬೀರಿಯನ್ ಮತ್ತು ಟಿಬೆಟನ್ ಎಂದು ಎರಡು ಮಾಡಿದೆ. ಹಳೇ ಫೋಟೋಗಳ ಹೆಸರು ತಿದ್ದಿಕೊಳ್ಳುವುದು ಒಳ್ಳೆಯದು.

ಬೆಳಕಿನ ಅಳತೆಯಲ್ಲಿ ಈ ನೆಲ ಮೋಸ ಮಾಡುತ್ತದೆ. ಕಪ್ಪು ಕೆಸರನ್ನು ನೋಡಿ ಕ್ಯಾಮೆರಾ ಬೆಳಕು ಹೆಚ್ಚಿಸುತ್ತದೆ, ಅದರ ನಡುವೆ ನಿಂತ ಬೆಳ್ಳಕ್ಕಿಯ ಗರಿ ಸುಣ್ಣ ಬಳಿದ ಹಾಗಾಗುತ್ತದೆ. ಆಮೇಲೆ ಯಾವ ತಂತ್ರಾಂಶಕ್ಕೂ ಆ ಗರಿ ಸಿಗುವುದಿಲ್ಲ. ಅದೇ ಹಕ್ಕಿ ಹಾರಿ ಬಿಳಿ ಆಕಾಶಕ್ಕೆ ಬಂದರೆ ಉಲ್ಟಾ, ಕಪ್ಪಾಗುತ್ತದೆ. ಹಾಗಾಗಿ ಮ್ಯಾನ್ಯುಯಲ್ ಇಡುವುದು ವಾಸಿ. ಎಂಟು ಗಂಟೆಯ ಬಿಸಿಲಿಗೆ ಲೆನ್ಸ್ ರಂಧ್ರ ಎಫ್ 7.1, ಶಟರ್ 1/2000, ಸೆನ್ಸರಿನ ಸೂಕ್ಷ್ಮತೆ ಐಎಸ್‌ಒ 800 ಹತ್ತಿರ. ಬೆಳ್ಳಕ್ಕಿಗೆ 400. ಒಂದು ಫೋಟೋ ತೆಗೆದು ಹಿಸ್ಟೋಗ್ರಾಂ (ಫೋಟೋದ ಕಪ್ಪು-ಬಿಳುಪಿನ ಹಂಚಿಕೆ ತೋರಿಸುವ ರೇಖಾಚಿತ್ರ) ಬಲಗೋಡೆಗೆ ಒತ್ತಿಲ್ಲ ಎಂದು ನೋಡಿಕೊಂಡರೆ, ಮೋಡ ಬರುವವರೆಗೆ ಅರ್ಧ ಗಂಟೆಗೊಮ್ಮೆ ತಿದ್ದಿದರೆ ಸಾಕು.

ಎಂಟೂ ಮುಕ್ಕಾಲಿಗೆ ಗರುಡವೊಂದು ತಗ್ಗಿನಲ್ಲಿ ಬಂತು. ಹಿಂಡು ಹಿಂಡೇ ಎದ್ದು, ಒಮ್ಮೆ ಬೆನ್ನಿನ ಕಂದು, ಒಮ್ಮೆ ಹೊಟ್ಟೆಯ ಬಿಳಿ ತೋರಿಸುತ್ತ ಹೊಳೆ ಸುತ್ತಿ ಮತ್ತೆ ಅಲ್ಲೇ ಇಳಿಯಿತು. ಗರುಡ ಎಬ್ಬಿಸಿದರೆ ಅದು ಅಲ್ಲಿನ ಬದುಕು. ಫೋಟೋಕ್ಕಾಗಿ ಕೈ ತಟ್ಟಿ ಎಬ್ಬಿಸುವವರನ್ನು ಕಂಡರೆ ಸಿಟ್ಟು ಬರುತ್ತದೆ. ಇವುಗಳಲ್ಲಿ ಬಹುಪಾಲು ವಸಂತದಲ್ಲಿ ಹಿಮಾಲಯ ದಾಟಿ ಮಧ್ಯ ಏಷ್ಯಾಕ್ಕೆ, ಸೈಬೀರಿಯಾಕ್ಕೆ ಹೋಗಬೇಕಾದವು. ದಾರಿಯ ಬುತ್ತಿ ಕೊಬ್ಬಾಗಿ ಮೈಯಲ್ಲೇ ಕೂಡಬೇಕು, ಅದಕ್ಕೆ ಕೆಸರು ತೆರೆದಿರುವ ಈ ಕೆಲವೇ ಗಂಟೆಗಳು. ಹಕ್ಕಿ ತಿನ್ನುವುದು ನಿಲ್ಲಿಸಿ ಕತ್ತು ನೀಳ ಮಾಡಿದರೆ ನಾವು ಹೆಚ್ಚು ಹತ್ತಿರವಾದೆವು ಎಂದರ್ಥ. ಅಲ್ಲೇ ನಿಲ್ಲಬೇಕು. ಮತ್ತೆ ಕುಕ್ಕಲು ಶುರು ಮಾಡದಿದ್ದರೆ ಹಿಂದೆ ಸರಿಯಬೇಕು.

ಒಂಬತ್ತೂವರೆಗೆ ಗಾಳಿ ಕುದಿಯಲು ಶುರುವಾಯಿತು. ಬಿಸಿಲಿಗೆ ಕಾದ ದಿಬ್ಬದ ಮೇಲೆ ಗಾಳಿ ಅಲೆಯಾಡಿದರೆ 40 ಮೀಟರ್ ಆಚೆಗಿನ ಒಂದು ಗರಿಯೂ ಸ್ಪಷ್ಟವಾಗುವುದಿಲ್ಲ. ಮೊದಲ ಸಲ ಇದನ್ನು ಕಂಡವರು ಲೆನ್ಸ್ ಕೆಟ್ಟಿತೆಂದು ರಿಪೇರಿಗೆ ಕೊಟ್ಟದ್ದೂ ಉಂಟು. ಇದಕ್ಕೆ ಮದ್ದು ಎರಡೇ: ಇನ್ನೂ ಹತ್ತಿರ ಬರುವ ಹಕ್ಕಿಗೆ ಕಾಯುವುದು, ಇಲ್ಲವೇ ಮುಗಿಸುವುದು. ನಾವು ಮುಗಿಸಿದೆವು.

ಮಧ್ಯಾಹ್ನ ದೋಣಿಯಲ್ಲಿ ತದಡಿಗೆ ದಾಟಿ ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ. ದೋಣಿಯಲ್ಲಿ ಲೆನ್ಸ್ ಬದಲಿಸಬಾರದು, ಚೀಲದ ಜಿಪ್ ತೆರೆಯಲೂ ಬಾರದು. ಭರತದ ಹೊತ್ತಿಗೆ ಕೆಸರೆಲ್ಲ ಮುಳುಗಿ, ಹಕ್ಕಿಗಳು ಇಂಥ ಏರಿಗಳ ಮೇಲೆ ಒಂಟಿ ಕಾಲಲ್ಲಿ ನಿದ್ದೆ ಮಾಡುತ್ತಿರುತ್ತವೆ. ಆಗ ದೂರದಿಂದ ಎಣಿಸಬೇಕು, ಅಷ್ಟೇ. ಫೋಟೋಕ್ಕೆ ನಾಲ್ಕೂವರೆಯ ಮೇಲೆ. ಅಷ್ಟರಲ್ಲಿ ನೀರು ಇಳಿದು ಬಹಳಷ್ಟು ಹಕ್ಕಿ ಕೆಸರಿಗೆ ಹೋಗಿರುತ್ತವೆ, ಆದರೆ ಮೆಟ್ಟುಗಾಲು ಹಕ್ಕಿಗಳು ಉಳಿಯುತ್ತವೆ. ಗಾಳಿ ಬಿದ್ದ ಸಂಜೆ ಮಡಿಯ ನೀರಿನಲ್ಲಿ ಅವುಗಳ ಕೆಂಪು ಕಾಲು ಮುರಿಯದೆ ಪ್ರತಿಬಿಂಬಿಸುತ್ತದೆ. ಆ ಕಾಲಿನ ನೆರಳಿಗೂ ಜಾಗ ಬೇಕಲ್ಲ, ಕ್ಯಾಮೆರಾ ನಿಲುವಾಗಿ ಹಿಡಿಯಬೇಕು. ಮಡಿಯೊಳಗೆ ಕಾಲಿಡಬಾರದು, ಅದು ಜನ ತಿಂಗಳುಗಟ್ಟಲೆ ತುಳಿದು ಹದ ಮಾಡಿದ ನೆಲ. ಕೇಳಿದರೆ ಯಾವ ಏರಿಯ ಮೇಲೆ ನಡೆಯಬಹುದು ಎಂದು ಕೆಲಸದವರೇ ಹೇಳುತ್ತಾರೆ. ಬೇಸಿಗೆಯಲ್ಲಿ ಟಿಟ್ಟಿಭ, ಮೆಟ್ಟುಗಾಲು ಹಕ್ಕಿಗಳು ಇಂಥ ಕಡೆ ನೆಲದ ಮೇಲೇ ಮೊಟ್ಟೆ ಇಡುತ್ತವೆ. ಆಗ ಹಕ್ಕಿ ತಲೆಯ ಮೇಲೆ ಸುತ್ತಿ ಕೂಗಿದರೆ ಬಂದ ಹೆಜ್ಜೆಯಲ್ಲೇ ಹಿಂದಿರುಗಬೇಕು. ಬಿಸಿಲಲ್ಲಿ ಮೊಟ್ಟೆ ಬೇಯಲು ಹೆಚ್ಚು ಹೊತ್ತು ಬೇಡ. ಗೂಡಿನ ಜಾಗವನ್ನು ಯಾರಿಗೂ ಹೇಳಬಾರದು.

ಶಿರಸಿಯ ಸುತ್ತ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲೂ ಅಣೆಕಟ್ಟಿಗೆ ಸಿಗದೆ ಬರುವ ಹೊಳೆ ಇದು. ಮಳೆಗಾಲದಲ್ಲಿ ಘಟ್ಟದಿಂದ ತಂದ ಮಣ್ಣು ಇಲ್ಲಿ ಹರಡುವುದರಿಂದಲೇ ಬೆಳಚು, ಏಡಿ, ಹುಳು, ಹಕ್ಕಿ ಎಲ್ಲ. 2024ರ ಜನವರಿಯಲ್ಲಿ ಈ ಅಳಿವೆಯ 4801 ಹೆಕ್ಟೇರ್, ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದರಿಂದ ಫೋಟೋದವರ ಸಂಖ್ಯೆಯೂ ಹೆಚ್ಚುತ್ತಿದೆ. ಬೆಳಚು ಆಯುವವರ ಮುಖಕ್ಕೆ ಕೇಳದೆ ಲೆನ್ಸ್ ಹಿಡಿಯುವುದೂ.

ಮನೆಗೆ ಬಂದ ಮೇಲಿನ ಹತ್ತು ನಿಮಿಷ ತಪ್ಪಿಸಬಾರದು. ಉಪ್ಪು ಒಣಗಿದ ಮೇಲೆ ಒಣ ಬಟ್ಟೆಯಿಂದ ಒರೆಸಿದರೆ ಹರಳು ಗೀರುತ್ತದೆ. ಮೊದಲು ಬ್ಲೋವರ್, ನಂತರ ಸಿಹಿನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ, ಕೊನೆಗೆ ಒಣ ಬಟ್ಟೆ. ಲೆನ್ಸ್ ಹುಡ್‌ನ ಒಳಗಿನ ಕೆಸರು, ಝೂಮ್ ಉಂಗುರದ ಸಂದಿ, ಬೆಲ್ಟಿನ ಕೊಕ್ಕೆ ಇವನ್ನು ಜನ ಮರೆಯುತ್ತಾರೆ. ಅಕ್ಕಿ ಚೀಲ ನೆನೆದಿದ್ದರೆ ಅಂದೇ ಸುರಿದು ಒಣಗಿಸಬೇಕು, ಮರುದಿನಕ್ಕೆ ಮುಗ್ಗುತ್ತದೆ.

ನೋಟ್ ಪುಸ್ತಕದಲ್ಲಿ ಹಕ್ಕಿಯ ಹೆಸರಿನ ಪಕ್ಕ ತಿಥಿ, ಇಳಿತದ ಸಮಯ, ಹಕ್ಕಿ 20 ಮೀಟರ್ ಒಳಗೆ ಬಂದ ಸಮಯ. ಈ ದಿನ ಅದು 8:15ರಿಂದ 9:20. ಇಳಿತ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಮುಂದೆ ಹೋಗುತ್ತದೆ. ಬಿದಿಗೆ ತದಿಗೆಯವರೆಗೆ ನಡೆದೀತು, ಚೌತಿಗೆ ನೀರು ಬರುವ ಹೊತ್ತಿಗೆ ಗಾಳಿ ಕುದಿಯುತ್ತಿರುತ್ತದೆ. ಆಮೇಲೆ ಹುಣ್ಣಿಮೆಯ ಮರುದಿನ. ಪಕ್ಷಕ್ಕೆ ಮೂರು ಬೆಳಗು, ನವೆಂಬರ್‌ನಿಂದ ಫೆಬ್ರವರಿಯವರೆಗೆ ಒಟ್ಟು ಇಪ್ಪತ್ನಾಲ್ಕು. ಅವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಇಟ್ಟಿದ್ದೇವೆ.