ಹೋಶ್ ಕಹ್ವೆ?

19 ಜನವರಿ 2025, ಭಾನುವಾರ
ಗೃಬವಿತ್ಸಾ, ಸರಾಯೆವೊ, ಬೋಸ್ನಿಯಾ

ಕಿಟಕಿ ತೆರೆದರೆ ಹೊಗೆ. ಸುತ್ತ ಬೆಟ್ಟ, ನಡುವೆ ಬಟ್ಟಲಿನಂಥ ಊರು. ಚಳಿಗಾಲದಲ್ಲಿ ಮನೆಮನೆಯ ಒಲೆಯ ಕಟ್ಟಿಗೆ, ಕಲ್ಲಿದ್ದಲಿನ ಹೊಗೆ ಮೇಲೇಳಲಾರದೆ ಇಲ್ಲೇ ಠಿಕಾಣಿ ಹೂಡುತ್ತದೆ. ಹೊರಗೆ ಹೋಗುವ ಮಾತೇ ಇಲ್ಲ. ಹಾಗಾಗಿ ಇಲ್ಲಿನ ಮಾತು ಕಿವಿಗೆ ಹತ್ತಲಿ ಅಂತ ಬೆಳಿಗ್ಗೆಯಿಂದ ಒಂದೇ ಸಿನಿಮಾದ ಅದೇ ಹನ್ನೊಂದು ನಿಮಿಷ, ಎಂಟು ಸಲ. ಹೆಡ್‌ಫೋನ್ ಹಾಕ್ಕೊಳ್ಳಿ ಅಂತ ಹೆಂಡತಿ ಎರಡು ಸಲ ಹೇಳಿ, ಮೂರನೆಯ ಸಲ ಏನೂ ಹೇಳದೆ ತಂದು ಮುಂದಿಟ್ಟಳು.

ಅವಳ ಕೆಲಸದ ಬೆನ್ನು ಹತ್ತಿ ಈ ಊರಿಗೆ ಬಂದು ಹದಿನಾಲ್ಕು ತಿಂಗಳಾಯ್ತು. ಬೋಸ್ನಿಯನ್ ಕ್ಲಾಸಿಗೆ ಹೋದೆ. ಏಳು ವಿಭಕ್ತಿಗಳನ್ನು ಶಾಲೆಯಲ್ಲಿ ರಾಮ ಶಬ್ದ ಒಪ್ಪಿಸಿದ ಹಾಗೆ ಬಾಯಿಪಾಠ ಮಾಡಿದೆ. ಪೇಪರಿನ ತಲೆಬರಹ ಓದಬಲ್ಲೆ, ಕರೆಂಟ್ ಬಿಲ್ಲು ಓದಬಲ್ಲೆ. ಎದುರಿಗಿದ್ದವರು ಬಾಯಿ ತೆರೆದರೆ ಮಾತ್ರ ಮುಗೀತು. ಗುರುವಾರ ಕೆಳಗಿನ ಮನೆಯ ಅಜ್ಜಿ ಬಾಗಿಲಲ್ಲಿ ನಿಂತು "ಹೋಶ್ ಕಹ್ವೆ?" ಅಂದರು. ಕಹ್ವೆ ಅಂದರೆ ಕಾಫಿ, ಅದು ಗೊತ್ತು. ಈ ಹೋಶ್ ಯಾವುದು? ನನಗೆ ಹೊಳೆದದ್ದು ಹಿಂದಿಯ ಹೋಶ್ ಒಂದೇ. ಪ್ರಜ್ಞೆ ತಪ್ಪಿದವನ ಹಾಗೆ ಕಾಣ್ತಿದ್ದೀನೇನೋ ಅಂದುಕೊಂಡು, ನಕ್ಕು, ಇಲ್ಲ ಇಲ್ಲ ಅಂತ ತಲೆಯಾಡಿಸಿದೆ. ಅಜ್ಜಿ ಬಾಗಿಲು ಹಾಕಿಕೊಂಡರು. ರಾತ್ರಿ ಕ್ಲಾಸಿನ ಮೇಡಂಗೆ ಮೆಸೇಜ್ ಮಾಡಿದ ಮೇಲೆ ತಿಳಿಯಿತು: ಅದು 'ಹೊಚೆಶ್', ಅಂದರೆ 'ಬೇಕಾ'. ಬಾಯಲ್ಲಿ ಸವೆದೂ ಸವೆದೂ ಹೋಶ್ ಆಗಿದೆ. ನಿಘಂಟಿನಲ್ಲಿ ತಡಕಿದರೆ ಸಿಗುವಂಥದ್ದಲ್ಲ. ಒಂದು ಕಾಫಿ ನಷ್ಟ.

ಸಿಟ್ಟು ಮಾಡಿಕೊಳ್ಳೋ ಹಾಗೂ ಇಲ್ಲ. ನಾವೇನು ಕಮ್ಮಿಯೇ? 'ಏನು ಮಾಡುತ್ತಿದ್ದೀಯೆ' ಅಂತ ಪುಸ್ತಕದಲ್ಲಿ ಕಲಿತು ಬೆಂಗಳೂರಿಗೆ ಬಂದವನ ಮುಂದೆ 'ಏನ್ಮಾಡ್ತಿದ್ಯ' ಅಂದರೆ ಅವನೂ ಹೀಗೇ ಪಿಳಿಪಿಳಿ ನೋಡಿಯಾನು. ಸರಾಯೆವೊದವರು ಪದದ ನಡುವಿನ ಇ-ಕಾರ ನುಂಗುತ್ತಾರೆ. 'ರಾದಿಲಿ' (ಕೆಲಸ ಮಾಡಿದರು) ಇವರ ಬಾಯಲ್ಲಿ 'ರಾದ್ಲಿ'. ನಾವು ಉ-ಕಾರ ನುಂಗುತ್ತೇವೆ, ಮಾಡುತ್ತಾರೆ ಹೋಗಿ ಮಾಡ್ತಾರೆ. ಇಷ್ಟು ತಲೆಗೆ ಹೋದ ಮೇಲೆ ನನಗೆ ಬೇಕಾಗಿದ್ದು ಹೊಸ ಪದಗಳಲ್ಲ, ನುಂಗಿದ ಪದಗಳನ್ನು ಕೇಳಿಸಿಕೊಳ್ಳೋ ಜಾಗ. ಸಿನಿಮಾದಲ್ಲಿ ಜನ ನುಂಗಿಯೇ ಮಾತಾಡುತ್ತಾರೆ, ಜೊತೆಗೆ ಹಿಂದಕ್ಕೆ ತಿರುಗಿಸಬಹುದು. ಅಜ್ಜಿಯನ್ನು ತಿರುಗಿಸೋಕಾಗಲ್ಲ.

ಎಲ್ಲರ ಹಾಗೆ ನಾನೂ ಹೆಸರಾಂತ ಚಿತ್ರಗಳಿಂದ ಶುರು ಮಾಡಿ ಎಡವಿದೆ. ಮೊದಲು ದಾನಿಸ್ ತಾನೊವಿಚ್ ಅವರ 'ನೋ ಮ್ಯಾನ್ಸ್ ಲ್ಯಾಂಡ್' (2001). 'ಲಗಾನ್' ಜೊತೆ ಸ್ಪರ್ಧೆಯಲ್ಲಿದ್ದು ಆಸ್ಕರ್ ಹೊತ್ತೊಯ್ದದ್ದು ಇದೇ, ಆಗ ಹಾಸ್ಟೆಲಿನಲ್ಲಿ ನಾವು ಇದನ್ನು ನೋಡದೆಯೇ ಬೈದಿದ್ದೆವು. ಈಗ ನೋಡಿದರೆ ಚಿತ್ರ ಅದ್ಭುತ. ಆದರೆ ಕಿವಿಗೆ ಅಷ್ಟು ಲಾಭವಿಲ್ಲ, ವಿಶ್ವಸಂಸ್ಥೆಯ ಸೈನಿಕರು, ಪತ್ರಕರ್ತರು ಬಂದ ಮೇಲೆ ಇಂಗ್ಲಿಷು, ಫ್ರೆಂಚೇ ಜಾಸ್ತಿ. ಆಮೇಲೆ ಯಸ್ಮಿಲಾ ಝ್ಬಾನಿಚ್ ಅವರ 'ಕ್ವೊ ವಾದಿಸ್, ಆಯಿದಾ?' (2020). ನಾಯಕಿ ಸ್ರೆಬ್ರೆನಿತ್ಸಾದ ವಿಶ್ವಸಂಸ್ಥೆ ನೆಲೆಯಲ್ಲಿ ದುಭಾಷಿ. ಅಧಿಕಾರಿಯ ಮಾತನ್ನು ಅವಳು ಜನಕ್ಕೆ ಬೋಸ್ನಿಯನ್‌ನಲ್ಲಿ ಹೇಳುತ್ತಾಳೆ. ಭಾಷೆ ಕಲಿಯುವವನಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಪೆನ್ನು ಹಿಡಿದು ಕೂತೆ, ಇಪ್ಪತ್ತು ನಿಮಿಷಕ್ಕೆ ಮುಚ್ಚಿಟ್ಟೆ. 1995ರ ಜುಲೈಯಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಗಂಡಸರು, ಹುಡುಗರನ್ನು ಕೊಂದ ಕಥೆ ಅದು. ಅವಳ ಗಂಟಲು ಕಟ್ಟುವ ಜಾಗದಲ್ಲಿ ನಾನು ನಿಲ್ಲಿಸಿ, ತಿರುಗಿಸಿ, ಕ್ರಿಯಾಪದ ಹುಡುಕುವುದೇ? ಮರುದಿನ ಬರೀ ಪ್ರೇಕ್ಷಕನಾಗಿ, ಸಬ್‌ಟೈಟಲ್ ಹಾಕಿಕೊಂಡು, ಪೂರ್ತಿ ನೋಡಿದೆ.

ಕೊನೆಗೆ ಕೈಹಿಡಿದದ್ದು ಪ್ಯೇರ್ ಝಾಲಿತ್ಸಾ ಅವರ 2004ರ 'ಕೋದ್ ಅಮಿಜೆ ಇದ್ರಿಜಾ'. ವಯಸ್ಸಾದ ಗಂಡ ಹೆಂಡತಿ, ಅವರ ಮನೆಯ ಬಾಯ್ಲರ್ ಕೆಟ್ಟಿದೆ, ರಿಪೇರಿಗೆ ಅಣ್ಣತಮ್ಮಂದಿರ ಮಗನೊಬ್ಬ ಬರುತ್ತಾನೆ. ಅವಸರವಿಲ್ಲದ ಮನೆಮಾತು: ಕೂತ್ಕೋ, ತಿನ್ನು, ಯಾಕೆ ಹೊರಟೆ. ತೊಂಬತ್ತರ ದಶಕದ ಬೋಸ್ನಿಯಾ ಯುದ್ಧದಲ್ಲಿ ಹೋದ ಮಗನ ಸಂಕಟ ಇದರ ಕೆಳಗೇ ಹರಿಯುತ್ತದೆ, ಯಾರೂ ಅದರ ಬಗ್ಗೆ ಭಾಷಣ ಮಾಡುವುದಿಲ್ಲ.

ನನ್ನ ಕ್ರಮ ಹೀಗೆ. ಮೊದಲ ಸಲ ಸುಮ್ಮನೆ ಕೇಳುವುದು. ಎರಡನೆಯ ಸಲ ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಕನ್ನಡ ಲಿಪಿಯಲ್ಲಿ ಗೀಚುವುದು. ಅವರ ಅಕ್ಷರದಲ್ಲಿ ಬರೆಯಹೋದರೆ ಕೈ ತಾನಾಗಿ ವ್ಯಾಕರಣ ತಿದ್ದಿ, ಕೇಳಿಸದ ಸ್ವರವನ್ನೂ ಸೇರಿಸಿಬಿಡುತ್ತದೆ. ಕನ್ನಡದಲ್ಲಿ ಆ ಮೋಸ ನಡೆಯುವುದಿಲ್ಲ. ನಮ್ಮಲ್ಲಿ ಕೆಲಸವಿಲ್ಲದೆ ಕೂತಿದ್ದ ಞ ಇಲ್ಲಿ ದಿನಗೂಲಿಗೆ ಹೋಗುತ್ತಿದೆ. ನಾವು ರು, ರಿ ಅಂತ ಒದ್ದಾಡುವ ಋ ಇಲ್ಲಿ ನಿಜಕ್ಕೂ ಸ್ವರ, ನಮ್ಮ ಬಡಾವಣೆ ಗೃಬವಿತ್ಸಾದ ಹೆಸರಿನಲ್ಲೇ ಇದೆ. ಅವರು ಚ-ಕಾರಕ್ಕೆ ಎರಡು ಅಕ್ಷರ ಇಟ್ಟುಕೊಂಡಿದ್ದಾರೆ, ಉಚ್ಚಾರದಲ್ಲಿ ಇಲ್ಲಿನ ಬಹಳ ಜನ ಭೇದ ಮಾಡುವುದಿಲ್ಲ. ನನ್ನ ಒಂದೇ ಚ ಸಾಕು. ಒಂದು ಪದ ಮಾತ್ರ ಬರೆದು ಹಾಗೇ ನೋಡುತ್ತಾ ಕೂತೆ: ಸ್ಮೃತ್. ಇವರಿಗೆ ಅದು ಸಾವು.

ಇಂಗ್ಲಿಷ್ ಸಬ್‌ಟೈಟಲ್ ತೆಗೆದುಹಾಕಿದ್ದಕ್ಕೆ ಕಾರಣ ಚಿತ್ರದ ಹೆಸರಿನಲ್ಲಿರುವ 'ಅಮಿಜಾ'. ಪರದೆಯ ಮೇಲೆ ಬರುವುದು ಅಂಕಲ್. ಅಮಿಜಾ ಅಂದರೆ ಅಪ್ಪನ ಕಡೆಯವನು, ನಮ್ಮ ಚಿಕ್ಕಪ್ಪನೋ ದೊಡ್ಡಪ್ಪನೋ. ಅಮ್ಮನ ತಮ್ಮನಾದರೆ ದಾಯಿಜಾ, ಸೋದರಮಾವ. ಇವರೂ ಬಿಡಿಸಿ ಹೇಳುತ್ತಾರೆ, ನಾವೂ ಬಿಡಿಸಿ ಹೇಳುತ್ತೇವೆ, ನಡುವೆ ಇಂಗ್ಲಿಷ್ ಬಂದು ಎಲ್ಲರನ್ನೂ ಅಂಕಲ್ ಮಾಡಿ ಕೂರಿಸಿದೆ. ಚಿತ್ರದ ಇಂಗ್ಲಿಷ್ ಹೆಸರಂತೂ 'ಡೇಸ್ ಅಂಡ್ ಅವರ್ಸ್', ಅದರಲ್ಲಿ ಚಿಕ್ಕಪ್ಪನೇ ನಾಪತ್ತೆ!

ಸಂಜೆ ನಾಲ್ಕಕ್ಕೆ ಅಮ್ಮ ಕಳಿಸಿದ ಕೊಬ್ಬರಿ ಮಿಠಾಯಿ ಹಿಡಿದು ಅಜ್ಜಿಯ ಮನೆ ಬಾಗಿಲು ತಟ್ಟಿದೆ. "ಹೋಶ್ ಕಹ್ವೆ?" "ಹೊಚು, ಹೊಚು," ಅಂದೆ, ಬೇಕು ಬೇಕು. ಸಿನಿಮಾ ನೋಡಿ ಕಲಿಯುತ್ತಿದ್ದೇನೆ ಅಂದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಅವರೇ ಧಾರಾವಾಹಿ ನೋಡಿ ಅಷ್ಟಿಷ್ಟು ಟರ್ಕಿಶ್ ಕಲಿತವರು. ಡಬ್ಬಿಂಗ್ ಬೇಕೋ ಬೇಡವೋ ಅಂತ ನಮ್ಮಲ್ಲಿ ವರ್ಷಗಟ್ಟಲೆ ಜಗಳವಾಯಿತಲ್ಲ, ಇಲ್ಲಿ ಟರ್ಕಿಯ ಧಾರಾವಾಹಿಗಳಿಗೆ ಸಬ್‌ಟೈಟಲ್ಲೇ ರೂಢಿ. ಮೂಲ ದನಿ ದಿನಾ ಕಿವಿಗೆ ಬೀಳುತ್ತದೆ.

ಅಷ್ಟರಲ್ಲಿ ಸಾಗರದಿಂದ ಮಾವನ ವಿಡಿಯೋ ಕಾಲ್. ಯಾರದು ಅಂದರು ಅಜ್ಜಿ. "ದಾಯಿಜಾ," ಅಂದೆ. ಅಜ್ಜಿ ಫೋನು ಕಸಿದುಕೊಂಡು ಬೋಸ್ನಿಯನ್‌ನಲ್ಲಿ ಏನೋ ಕೇಳಿದರು. ಮಾವ ಕನ್ನಡದಲ್ಲಿ "ಊಟ ಆಯ್ತಾ ಅಮ್ಮ?" ಅಂದರು. ಇಬ್ಬರಿಗೂ ಪರಮ ತೃಪ್ತಿ.

ಫೋನಿಟ್ಟ ಮೇಲೆ ಅಜ್ಜಿ ತಮ್ಮ ದಾಯಿಜಾನ ಕಥೆ ತೆಗೆದರು. ಮೂರು ವಾಕ್ಯ ಸರಾಗವಾಗಿ ಹಿಡಿದೆ. ನಾಲ್ಕನೆಯದರಲ್ಲಿ ಒಂದು ರೈಲು, ಯಾರದೋ ಮದುವೆ, ಒಂದು ಕುರಿ ಇದ್ದವು. ಯಾವುದು ಯಾವುದಕ್ಕೆ ಅಂತ ತಿಳಿಯಲಿಲ್ಲ. "ಮೋಲಿಮ್?" ಅಂದೆ, ಇನ್ನೊಮ್ಮೆ ಹೇಳ್ತೀರಾ ಅಂತ. ಅಜ್ಜಿ ನನ್ನ ಫಿಲ್ಜಾನಿಗೆ, ಅಂದರೆ ಪುಟ್ಟ ಕಾಫಿ ಬಟ್ಟಲಿಗೆ, ಇನ್ನಷ್ಟು ಕಾಫಿ ಬಗ್ಗಿಸಿ, ಮತ್ತೆ ಮೊದಲಿಂದ ಶುರು ಮಾಡಿದರು, ಅದೇ ವೇಗದಲ್ಲಿ.