ಈರುಳ್ಳಿ ತಿನ್ನಲ್ಲ, ರಾತ್ರಿ ಉಣ್ಣಲ್ಲ, ಮತ್ತೆ ಊರು ಹೇಗೆ ಸುತ್ತುತ್ತೀರಿ?

ನಮ್ಮ ಮದುವೆಯಾಗಿ ಎರಡು ವರ್ಷವಾಯಿತು. "ಸಿಹಿ ಸುದ್ದಿ ಯಾವಾಗ?" ಅನ್ನುವ ಪ್ರಶ್ನೆಗಿಂತ ಜಾಸ್ತಿ ಸಲ ನಮ್ಮ ಕಿವಿಗೆ ಬಿದ್ದಿರುವ ಪ್ರಶ್ನೆ ಒಂದಿದೆ. "ನೀವಿಬ್ರೂ ಜೈನರು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಮುಟ್ಟಲ್ಲ. ಹೊತ್ತು ಮುಳುಗಿದ ಮೇಲೆ ಊಟಾನೇ ಇಲ್ಲ. ಆದ್ರೂ ತಿಂಗಳಿಗೊಂದು ಸಲ ಯಾರದಾದ್ರೂ ಮನೆಗೆ ಹೋಗಿ ಉಳ್ಕೊಂಡು ಬರ್ತೀರಲ್ಲ, ಹೇಗೆ?" ಆಫೀಸಿನವರು ಕುತೂಹಲಕ್ಕೆ ಕೇಳುತ್ತಾರೆ. ನೆಂಟರು ಕೇಳುವಾಗ ದನಿ ಸ್ವಲ್ಪ ಬೇರೆ ಇರುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸುಲಭದ ಉತ್ತರ. ನಾವು ಬೇಗ ಹೊರಡುತ್ತೇವೆ, ಅಷ್ಟೇ. ಹಾಸನದಲ್ಲಿ ಡಿಸೆಂಬರ್ ಹೊತ್ತಿಗೆ ಸಂಜೆ ಆರಕ್ಕೆಲ್ಲಾ ಸೂರ್ಯ ಮುಳುಗುತ್ತಾನೆ. ಜುಲೈನಲ್ಲಿ ಏಳಕ್ಕೆ ಹತ್ತು ನಿಮಿಷ ಇರುವ ತನಕ ಸಮಯ ಸಿಗುತ್ತದೆ. ನಮ್ಮಜ್ಜಿಯ ಲೆಕ್ಕ ಇನ್ನೂ ಬಿಗಿ. ಮುಳುಗುವುದಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ, ಮುಂಚೆಯೇ ಕೈ ತೊಳೆದುಬಿಡಬೇಕು. ನಾವು ಅಷ್ಟು ಗಟ್ಟಿಯಿಲ್ಲ. ನಮ್ಮಿಬ್ಬರಲ್ಲೇ ಅಳತೆ ಬೇರೆ ಬೇರೆ. ಅಷ್ಟಮಿ, ಚತುರ್ದಶಿಯ ದಿನ ನನ್ನ ಗಂಡ ಕತ್ತಲಾದ ಮೇಲೆ ನೀರನ್ನೂ ಕುಡಿಯುವುದಿಲ್ಲ. ನಾನು ಕುಡಿಯುತ್ತೇನೆ. ಹಾಸ್ಟೆಲಿನಲ್ಲಿದ್ದಾಗ ಈರುಳ್ಳಿ ದೋಸೆಯನ್ನೂ ತಿಂದವಳು ನಾನು. ಮದುವೆಯಾದ ಮೇಲೆ ಈ ನಿಯಮ ಮತ್ತೆ ಶುರು ಮಾಡೋಣ ಅಂತ ಕೇಳಿದ್ದೂ ನಾನೇ. "ಯಜಮಾನರ ಒತ್ತಾಯಾನಾ?" ಅಂತ ಕೇಳುವವರಿಗೆ ಇದು ನಂಬಿಕೆಯಾಗುವುದಿಲ್ಲ.

ಬೇಗ ಹೊರಟರೆ ದಾರಿಯಲ್ಲಿ ಸಮಯ ಉಳಿಯುತ್ತದೆ. ಹಳೇಬೀಡಿಗೆ ಹಾಸನದಿಂದ ಸುಮಾರು 30 ಕಿಲೋಮೀಟರ್. ಹೊಯ್ಸಳೇಶ್ವರದಲ್ಲಿ ಈಗ ಜನ ಜಾಸ್ತಿ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತಲ್ಲ. ಆದರೆ ಅಲ್ಲಿಂದ ಸ್ವಲ್ಪವೇ ದೂರದ ಬಸ್ತಿಹಳ್ಳಿಯ ಮೂರು ಬಸದಿಗಳ ತನಕ ಬರುವವರು ಕಡಿಮೆ. ಪಾರ್ಶ್ವನಾಥ ಬಸದಿಯ ಕಲ್ಲುಕಂಬಗಳಿಗೆ ಎಷ್ಟು ನುಣುಪು ಕೊಟ್ಟಿದ್ದಾರೆಂದರೆ ಮುಖ ಕಾಣುತ್ತದೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ್ದು. ಅಲ್ಲಿ ಇಬ್ಬರೂ ಸುಮ್ನೆ ಕೂರುತ್ತೇವೆ. ನಮ್ಮ ಣಮೋಕಾರ ಮಂತ್ರ ಹೇಳಿಕೊಳ್ಳುತ್ತೇವೆ. ಆಮೇಲೆ ಡಬ್ಬಿ ತೆಗೆದು ಚಪಾತಿ ತಿನ್ನುತ್ತೇವೆ, ಬಸದಿಯ ಹೊರಗೆ.

ಈ ಡಬ್ಬಿಯ ಕಥೆಯನ್ನು ಹೇಳಲೇಬೇಕು.

ನನ್ನ ಹಾಸ್ಟೆಲ್ ಗೆಳತಿಯನ್ನು ಮೂಡಿಗೆರೆ ಕಡೆ, ಅಂಗಡಿ ಅನ್ನುವ ಊರಿನ ಹತ್ತಿರ ಕಾಫಿ ತೋಟದ ಮನೆಗೆ ಕೊಟ್ಟಿದ್ದಾರೆ. ಗೌಡರ ಮನೆ. ಮೊದಲ ಸಲ ಹೋದದ್ದು ಜನವರಿಯಲ್ಲಿ. ಕೊಯ್ಲು ನಡೆದಿತ್ತು. ಕಣದ ತುಂಬ ಹಣ್ಣು ಹರಡಿದ್ದರು, ಮನೆಯವರಿಗೆ ಕೂರಲೂ ಪುರುಸೊತ್ತಿಲ್ಲ. ಅವರಿಗೆ ತೊಂದರೆ ಬೇಡ ಅಂತ ನಾವು ಬೇಲೂರು ದಾಟಿದ ಮೇಲೆ ರಸ್ತೆ ಬದಿಯಲ್ಲೇ ಡಬ್ಬಿ ಖಾಲಿ ಮಾಡಿಕೊಂಡು ಹೋಗಿದ್ದೆವು. ರಾತ್ರಿ ಎಂಟಕ್ಕೆ ಗೆಳತಿಯ ಅತ್ತೆ ಎಲೆ ಹಾಕಿದರು. "ನಮ್ದು ಊಟ ಆಗಿದೆ ಅಮ್ಮ" ಅಂದೆವು. ಅವರು ಏನೂ ಮಾತಾಡಲಿಲ್ಲ. ಎರಡು ಎಲೆ ಮಡಚಿಕೊಂಡು ಒಳಗೆ ಹೋದರು.

ಬೆಳಿಗ್ಗೆ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಾಗ ಮೆಲ್ಲಗೆ ಕೇಳಿದರು. "ನಮ್ಮನೆ ಅನ್ನ ನಿಮಗಾಗಲ್ವಾ?"

ನನಗೆ ಆಗ ಹೊಳೆಯಿತು. ನಾವು ಹೇಳಿದ್ದು ಊಟದ ಹೊತ್ತಿನ ಮಾತು. ಅವರಿಗೆ ಕೇಳಿಸಿದ್ದು ಜಾತಿಯ ಮಾತು. ನಮ್ಮ ಊರುಗಳಲ್ಲಿ "ನಿಮ್ಮನೇಲಿ ಊಟ ಬೇಡ" ಅನ್ನುವುದಕ್ಕೆ ಏನು ಅರ್ಥ ಅಂತ ಯಾರಿಗೆ ಗೊತ್ತಿಲ್ಲ? ತೊಂದರೆ ಕೊಡಬಾರದು ಅಂತ ಹೋಗಿ ಅದಕ್ಕಿಂತ ದೊಡ್ಡ ನೋವು ಕೊಟ್ಟಿದ್ದೆವು. ನನ್ನ ಗಂಡ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಬಿಡಿಸಿ ಹೇಳಿದ. ಕತ್ತಲಲ್ಲಿ ಹುಳಹುಪ್ಪಟೆ ಊಟದೊಳಗೆ ಬಿದ್ದರೆ ಕಾಣುವುದಿಲ್ಲ, ಆ ಕಾಲದಿಂದ ಬಂದ ನಿಯಮ, ಈಗ ಕರೆಂಟಿದ್ದರೂ ಬಿಟ್ಟಿಲ್ಲ. ಗೆಡ್ಡೆ ಕಿತ್ತರೆ ಇಡೀ ಗಿಡ ಸಾಯುತ್ತದೆ, ಮೇಲಾಗಿ ಒಂದೊಂದು ಗೆಡ್ಡೆಯಲ್ಲೂ ಲೆಕ್ಕವಿಲ್ಲದಷ್ಟು ಜೀವ ಅಂತ ನಮ್ಮವರ ನಂಬಿಕೆ.

"ಅಂದ್ರೆ ನೆಲದೊಳಗೆ ಬೆಳೆಯೋದು ಬೇಡ, ಅಷ್ಟೇ ತಾನೆ?" ಅಂದರು ಅಮ್ಮ. ಹೌದು ಅಂದೆವು. "ಕಡ್ಲೆಕಾಯಿ ತಿಂತೀರಾ?" ತಿಂತೀವಿ. "ಅದೆಲ್ಲಿ ಬೆಳೆಯುತ್ತೆ ಮಾರಾಯ್ತಿ, ಮರದಲ್ಲಾ?"

ಗೆಳತಿ ನಕ್ಕಳು. ಕಡಲೆಕಾಯಿ ಬೀಜ, ಗೆಡ್ಡೆಯಲ್ಲ ಅಂತ ನಾನು ಸಮಜಾಯಿಷಿ ಕೊಟ್ಟೆ. ಹಸಿಶುಂಠಿ ಆಗದು, ಒಣಶುಂಠಿ ಆಗುತ್ತದೆ ಅಂದಾಗ ಅವರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಅವತ್ತು ಸಂಜೆ ಐದಕ್ಕೆ ಒಲೆ ಹತ್ತಿಸಿದರು. ಕಡುಬು, ಅವರೆಕಾಳು ಸಾರು, ಬಾಳೆಕಾಯಿ ಪಲ್ಯ. ನಾನು ಕಾಯಿ ತುರಿದೆ. ಬೆಳಕಿರುವಾಗಲೇ ಎಲ್ಲರೂ ಒಟ್ಟಿಗೆ ಉಂಡೆವು. ಗೆಳತಿಯ ಮಾವ ಮಾತ್ರ ಎಂಟು ಗಂಟೆಗೆ ಇನ್ನೊಮ್ಮೆ ಉಂಡರು. ಐದೂವರೆಗೆ ಉಂಡದ್ದು ಅವರ ಲೆಕ್ಕದಲ್ಲಿ ತಿಂಡಿ.

ಈಗ ಹೊಸ ಸ್ನೇಹಿತರ ಮನೆಗೆ ಹೋಗುವಾಗ ಮುಂಚೆಯೇ ಫೋನ್ ಮಾಡಿ ಏನು ತಿನ್ನುತ್ತೇವೆ ಅಂತ ಹೇಳುತ್ತೇವೆ. ಏನು ತಿನ್ನಲ್ಲ ಅಂತ ಶುರು ಮಾಡಿದರೆ ಕೇಳುವವರಿಗೆ ಭಯವಾಗುತ್ತದೆ. ಅಕ್ಕಿ ರೊಟ್ಟಿ, ಕಾಯಿಚಟ್ನಿ, ಬೇಳೆಸಾರು, ಮಜ್ಜಿಗೆ ಅಂದರೆ ಯಾರಿಗೂ ಕಷ್ಟವಿಲ್ಲ. ಒಂದೇ ತಾಪತ್ರಯ ಜೇನುತುಪ್ಪದ್ದು. ಮಲೆನಾಡಿನವರಿಗೆ ಪ್ರೀತಿ ಬಂದರೆ ಬಾಟಲಿ ತುಂಬ ಜೇನು ಕೊಡುತ್ತಾರೆ. ನಮಗೆ ಮದ್ಯ, ಮಾಂಸ, ಮಧು ಮೂರೂ ಒಂದೇ ಸಾಲಿನಲ್ಲಿವೆ. ಹೀಗೆ ಬಂದ ಎರಡು ಬಾಟಲಿ ನಮ್ಮ ಪಕ್ಕದ ಮನೆ ಸೇರಿವೆ. ಕೊಟ್ಟವರು ಇದನ್ನು ಓದದಿರಲಿ!

ಇನ್ನು ನೆಂಟರ ಪ್ರಶ್ನೆ. "ಕೋಳಿ, ಮೀನು ಮಾಡೋ ಮನೆಯಲ್ಲಿ ಉಣ್ತೀರಾ?" ಉಣ್ಣುತ್ತೇವೆ. ಆ ಅಮ್ಮ ನಮಗಾಗಿ ಎರಡು ಪಾತ್ರೆ ಬೇರೆ ಎತ್ತಿಟ್ಟಿದ್ದಾರೆ. ನಾವು ಕೇಳಿರಲಿಲ್ಲ. ಕೇಳಬೇಕು ಅಂತ ಅನಿಸಿಯೂ ಇರಲಿಲ್ಲ. ಹಾಗಂತ ಪಾತ್ರೆ ಬೇರೆ ಇರಲೇಬೇಕು ಅನ್ನುವ ನಮ್ಮ ದೊಡ್ಡಪ್ಪನನ್ನು ನಾನು ಬೈಯುವುದಿಲ್ಲ. ಅವರ ವ್ರತ ಅವರದು. ಅವರು ಯಾರ ಮನೆಗೂ ಹೋಗುವುದಿಲ್ಲ, ಅದೂ ನಿಜ.

ಇಂಥ ಮಾತು ಬಂದಾಗಲೆಲ್ಲ ನನಗೆ ಹೊಯ್ಸಳ ರಾಣಿ ಶಾಂತಲೆ ನೆನಪಾಗುತ್ತಾಳೆ. ಅಪ್ಪ ಮಾರಸಿಂಗಯ್ಯ ಶಿವಭಕ್ತ, ಅಮ್ಮ ಮಾಚಿಕಬ್ಬೆ ಜೈನೆ. ಗಂಡ ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನನ್ನು ನಿಲ್ಲಿಸಿದ. ಅವಳು 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಬೆಳಗೊಳಕ್ಕೆ ಹೋದರೆ ಎಲ್ಲರೂ ದೊಡ್ಡಬೆಟ್ಟ ಹತ್ತಿ 58 ಅಡಿಯ ಗೊಮ್ಮಟನನ್ನು ನೋಡಿ ಇಳಿದುಬಿಡುತ್ತಾರೆ. ನಾವು ಚಿಕ್ಕಬೆಟ್ಟಕ್ಕೂ ಹೋಗುತ್ತೇವೆ, ಅವಳ ಬಸದಿಗಾಗಿಯೇ. ಆ ಅರಮನೆಯಲ್ಲಿ ಸಂಜೆ ಊಟ ಎಷ್ಟು ಗಂಟೆಗೆ ಬಡಿಸುತ್ತಿದ್ದರೋ ಅಂತ ಪ್ರತಿ ಸಲವೂ ನಮ್ಮಿಬ್ಬರಲ್ಲಿ ಚರ್ಚೆ ನಡೆಯುತ್ತದೆ.

ಎಲ್ಲ ಸಲವೂ ಲೆಕ್ಕ ಸರಿಹೋಗುವುದಿಲ್ಲ. ಕಳೆದ ನವೆಂಬರಿನಲ್ಲಿ ಟೈರ್ ಪಂಕ್ಚರ್ ಆಯಿತು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ತೋಟದ ಮನೆ ತಲುಪಿದಾಗ ಆರೂ ಮುಕ್ಕಾಲು, ಪೂರ್ತಿ ಕತ್ತಲು. ಅಮ್ಮ ನಾಲ್ಕೂವರೆಗೇ ಅಡುಗೆ ಮುಗಿಸಿ ಜಗಲಿಯಲ್ಲಿ ಕೂತಿದ್ದರು. ನಾವು ಕಾರಿನಿಂದ ಇಳಿದೊಡನೆ ಆಕಾಶ ನೋಡಿದರು, ನಮ್ಮನ್ನು ನೋಡಿದರು. ಊಟಕ್ಕೆ ಏಳಿ ಅನ್ನಲಿಲ್ಲ. ಗಂಡ ತಪ್ಪಾಯ್ತು ಅಂತ ಶುರು ಮಾಡಿದ. "ಬಿಡಪ್ಪ, ನೀರಾದ್ರೂ ಕುಡೀತೀಯಾ, ಇವತ್ತು ಚತುರ್ದಶಿ ಅಲ್ಲ ತಾನೆ?" ಅಂದರು. ಬಾಳೆದಿಂಡಿನ ಪಲ್ಯ ನಾಳೆಗೆ ಎತ್ತಿಡುತ್ತಾರೇನೋ ಅಂದುಕೊಂಡೆ. "ತಂಗಳು ನಿಮಗೆ ನಡೆಯಲ್ಲ, ಗೊತ್ತು" ಅಂತ ಅವರೇ ಹೇಳಿ ಮನೆಮಂದಿಗೆಲ್ಲ ಎರಡೆರಡು ಸಲ ಬಡಿಸಿದರು.

ಹೊಟ್ಟೆ ಹಸಿದಿದ್ದಕ್ಕೋ ಏನೋ, ಬೆಳಿಗ್ಗೆ ಬೇಗ ಎಚ್ಚರವಾಯಿತು. ಹೊರಗೆ ಮಂಜು. ಅಂಗಳದಾಚೆ ಏನೂ ಕಾಣುತ್ತಿರಲಿಲ್ಲ. ಒಲೆ ಹೊತ್ತಿದ ವಾಸನೆ ಬಂತು, ಆಮೇಲೆ ಅಮ್ಮ ಬಾಗಿಲು ಬಡಿದರು.

"ಏಳೇ, ಈ ಮಂಜಲ್ಲಿ ನಿಮ್ಮ ಸೂರ್ಯ ಹುಟ್ಟಿದಾನೋ ಇಲ್ವೋ ಗೊತ್ತಾಗ್ತಿಲ್ಲ. ಮೊಬೈಲ್ ನೋಡಿ ಹೇಳು, ರೊಟ್ಟಿ ಹಾಕ್ತೀನಿ."